ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ ಬೀರುವಿನ ಕೆಳಗಿನ ಅರೆಯಲ್ಲಿ, ಹಳೆಯ ಪಂಚಾಂಗಗಳ ಪಕ್ಕದಲ್ಲಿ, ಹದಿನಾಲ್ಕು ವಿಡಿಯೊ ಕ್ಯಾಸೆಟ್ಟುಗಳಿದ್ದವು. ಅಕ್ಕನ ಮದುವೆಯದು ಮೂರು, ಗೃಹಪ್ರವೇಶದ್ದು ಒಂದು, ತಮ್ಮನ ಉಪನಯನದ್ದು ಎರಡು, ಅಮೆರಿಕದಿಂದ ಚಿಕ್ಕಪ್ಪ ಕಳುಹಿಸಿದ್ದು ಮೂರು, ಉಳಿದ ಐದು 2000ದ ಇಸವಿಯ ನಂತರ ನಾವೇ ಸಣ್ಣ ಕ್ಯಾಮೆರಾದಲ್ಲಿ ತೆಗೆದವು. ಇವೆಲ್ಲವನ್ನೂ ಕಂಪ್ಯೂಟರಿಗೆ ಇಳಿಸಲು ಎರಡು ಬೇಸಿಗೆ ಬೇಕಾದವು. ಮೊದಲ ಬೇಸಿಗೆಯಲ್ಲಿ ಸಿಕ್ಕಿದ ಸಲಕರಣೆಯಿಂದ, ಸಿಕ್ಕಿದ ಹಾಗೆ, ಅವಸರದಲ್ಲಿ ಮಾಡಿದ ಕೆಲಸವನ್ನು ಎರಡನೆಯ ಬೇಸಿಗೆಯಲ್ಲಿ ಮೊದಲಿನಿಂದ ಮಾಡಬೇಕಾಯಿತು. ಆ ನಡುವಿನ ಮಳೆಗಾಲದಲ್ಲಿ ಉಪನಯನದ ಒಂದು ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು, ಅದರ ಮೊದಲ ಹದಿನೈದು ನಿಮಿಷ ಮೊದಲ ಸಲ ತೆಗೆದಿಟ್ಟಷ್ಟು ಚೆನ್ನಾಗಿಯೂ ಮತ್ತೆ ಬರಲಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಹಿಡಿದಿರುವ ನಿಲುವು ಒಂದೇ. ಕ್ಯಾಸೆಟ್ಟನ್ನು ಪ್ರತಿ ಸಲ ಓಡಿಸುವಾಗಲೂ ಅದು ಚೆನ್ನಾಗಿ ಓಡುವ ಕಡೆಯ ಸಲ ಇದೇ ಇರಬಹುದು ಎಂದುಕೊಂಡು ಓಡಿಸಬೇಕು; ಇಳಿಸಿಕೊಳ್ಳುವುದನ್ನು ಪೂರ್ತಿಯಾಗಿ, ಏನನ್ನೂ ಬಿಡದೆ, ಇಳಿಸಿಕೊಳ್ಳಬೇಕು.

ಇದಕ್ಕೆ ಈಗಲೇ ಕೈಹಾಕಬೇಕು ಎನ್ನುವುದಕ್ಕೆ ಟೇಪಿನ ವಯಸ್ಸಿಗಿಂತ ಯಂತ್ರದ ಕೊರತೆಯೇ ದೊಡ್ಡ ಕಾರಣ. ಜಪಾನಿನಲ್ಲಿ 1976ರಲ್ಲಿ ಜೆವಿಸಿ ಕಂಪನಿ ಮಾರುಕಟ್ಟೆಗೆ ತಂದ ವಿಎಚ್‌ಎಸ್ ಪದ್ಧತಿಯ ಯಂತ್ರಗಳನ್ನು ಕೊನೆಯವರೆಗೆ ತಯಾರಿಸುತ್ತಿದ್ದ ಫುನಾಯ್ ಕಂಪನಿ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಇಂದು ನಮಗೆ ಸಿಗುವ ಪ್ರತಿ ವಿಸಿಆರ್ (ಕ್ಯಾಸೆಟ್ಟನ್ನು ಓಡಿಸುವ, ತುಂಬಿಸುವ ಯಂತ್ರ) ಹಳೆಯದೇ, ಅದರೊಳಗಿನ ರಬ್ಬರು ಪ್ರತಿ ವರ್ಷ ಗಟ್ಟಿಯಾಗುತ್ತಲೇ ಇದೆ, ಅದನ್ನು ರಿಪೇರಿ ಮಾಡಬಲ್ಲ ಕೈಗಳು ಪ್ರತಿ ಊರಿನಲ್ಲೂ ಕಡಿಮೆಯಾಗುತ್ತಿವೆ.

ನಿಮ್ಮಲ್ಲಿರುವುದು ಯಾವ ಕ್ಯಾಸೆಟ್ಟು?

ಮೊದಲು ಎಲ್ಲವನ್ನೂ ಮೇಜಿನ ಮೇಲೆ ಹರಡಿ ಬಗೆ ಬಗೆಯಾಗಿ ವಿಂಗಡಿಸಿಕೊಳ್ಳಿ. ದಪ್ಪ ಪುಸ್ತಕದಷ್ಟು ದೊಡ್ಡದಾದ, ಅರ್ಧ ಅಂಗುಲ ಅಗಲದ ಟೇಪು ಇರುವುದು ವಿಎಚ್‌ಎಸ್. 1980 ಮತ್ತು 90ರ ದಶಕಗಳ ನಮ್ಮ ಮದುವೆಗಳು ಬಹುಪಾಲು ಇದರಲ್ಲೇ ಇವೆ. ಅದೇ ಟೇಪನ್ನು ಚಿಕ್ಕ ಡಬ್ಬಿಯಲ್ಲಿಟ್ಟದ್ದು ವಿಎಚ್‌ಎಸ್-ಸಿ. ಇದನ್ನು ಅಡಾಪ್ಟರಿನೊಳಗೆ ಕೂರಿಸಿ ಸಾಮಾನ್ಯ ವಿಸಿಆರಿನಲ್ಲಿ ಓಡಿಸಬಹುದು. ಆಡಿಯೊ ಕ್ಯಾಸೆಟ್ಟಿನ ಗಾತ್ರದ್ದು, 8 ಮಿಲಿಮೀಟರ್ ಟೇಪಿನದ್ದು, ವಿಡಿಯೊ-8 ಅಥವಾ ಹೈ-8. 1999ರಲ್ಲಿ ಬಂದ ಡಿಜಿಟಲ್-8 ಕೂಡ ಅದೇ ಕ್ಯಾಸೆಟ್ಟನ್ನೇ ಬಳಸಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾಗಿರುವುದು ಮಿನಿ-ಡಿವಿ. 8 ಮಿಲಿಮೀಟರ್ ಮತ್ತು ಮಿನಿ-ಡಿವಿ ಕ್ಯಾಸೆಟ್ಟುಗಳನ್ನು ವಿಸಿಆರಿನಲ್ಲಿ ಓಡಿಸುವ ಅಡಾಪ್ಟರ್ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ; ಹಾಗೊಂದು ವಸ್ತು ಇಲ್ಲ. ಅವುಗಳಿಗೆ ಅದೇ ಪದ್ಧತಿಯ ಕ್ಯಾಮೆರಾ ಬೇಕು.

ಇನ್ನೊಂದು ವಿಂಗಡಣೆ ಟಿವಿ ಪದ್ಧತಿಯದು. ಭಾರತದ್ದು ಪ್ಯಾಲ್: ಸೆಕೆಂಡಿಗೆ 25 ಚಿತ್ರ, 625 ಗೆರೆ, ಅದರಲ್ಲಿ ಕಣ್ಣಿಗೆ ಕಾಣುವುದು 576. ಅಮೆರಿಕದ್ದು ಎನ್‌ಟಿಎಸ್‌ಸಿ: ಸೆಕೆಂಡಿಗೆ 29.97 ಚಿತ್ರ, 525 ಗೆರೆ. ಕ್ಯಾಸೆಟ್ಟಿನ ಮೇಲೆ ‘ಇ-180’ ಎಂದಿದ್ದರೆ ಸಾಮಾನ್ಯವಾಗಿ ಪ್ಯಾಲ್, ‘ಟಿ-120’ ಎಂದಿದ್ದರೆ ಎನ್‌ಟಿಎಸ್‌ಸಿ ದೇಶದಲ್ಲಿ ಕೊಂಡದ್ದು ಎಂದು ಊಹಿಸಬಹುದು. ಆದರೆ ನಿಜ ಗೊತ್ತಾಗುವುದು ಓಡಿಸಿದಾಗಲೇ, ಏಕೆಂದರೆ ಖಾಲಿ ಟೇಪಿನ ಮೇಲೆ ಯಾವ ಪದ್ಧತಿಯಲ್ಲಾದರೂ ತುಂಬಿಸಬಹುದು.

ವಿಂಗಡಿಸುವಾಗಲೇ ಮಾಡಬೇಕಾದ ಒಂದು ಕೆಲಸವನ್ನು ಮುಂದೂಡಬೇಡಿ. ವಿಎಚ್‌ಎಸ್ ಕ್ಯಾಸೆಟ್ಟಿನ ಬೆನ್ನಿನ ಎಡ ತುದಿಯಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದು ಇನ್ನೂ ಮುರಿದಿರದಿದ್ದರೆ ಮುರಿದುಬಿಡಿ. ಮಿನಿ-ಡಿವಿ ಮತ್ತು 8 ಮಿಲಿಮೀಟರ್ ಕ್ಯಾಸೆಟ್ಟುಗಳಲ್ಲಿ ಅದೇ ಕೆಲಸಕ್ಕೆ ಜಾರುವ ಗುಂಡಿ ಇರುತ್ತದೆ. ಹೀಗೆ ಮಾಡಿದ ಮೇಲೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಯುವುದಿಲ್ಲ.

ಬೂಷ್ಟು ಮತ್ತು ತುಂಡಾದ ಟೇಪು

ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯ ಮೂಲಕ ಸುರುಳಿಯ ಅಂಚನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಆರೋಗ್ಯವಾಗಿರುವ ಸುರುಳಿ ಕಪ್ಪಗೆ, ನುಣ್ಣಗೆ, ಗ್ರಾಮಫೋನ್ ತಟ್ಟೆಯ ಹಾಗೆ ಹೊಳೆಯುತ್ತದೆ. ಬೂಷ್ಟು ಹಿಡಿದಿದ್ದರೆ ಅಂಚಿನ ಮೇಲೆ ಬಿಳಿಯ ಪುಡಿಯೋ, ಹತ್ತಿಯ ಎಳೆಯಂತಹ ಮಚ್ಚೆಯೋ ಕಾಣುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಮನೆಗಳಲ್ಲಿ ಇದು ತೀರ ಸಾಮಾನ್ಯ. ಅಂತಹ ಕ್ಯಾಸೆಟ್ಟನ್ನು ಯಾವ ಕಾರಣಕ್ಕೂ ಹಾಗೆಯೇ ಯಂತ್ರಕ್ಕೆ ಹಾಕಬೇಡಿ. ಒಂದು ಸಲ ಓಡಿದರೆ ಆ ಪುಡಿ ಟೇಪನ್ನು ಓದುವ ಯಂತ್ರದ ಹೆಡ್ಡಿಗೂ ರೋಲರುಗಳಿಗೂ ಅಂಟಿಕೊಂಡು, ಆಮೇಲೆ ಹಾಕುವ ಎಲ್ಲ ಒಳ್ಳೆಯ ಕ್ಯಾಸೆಟ್ಟುಗಳಿಗೂ ಹರಡುತ್ತದೆ.

ಬೂಷ್ಟಿನವನ್ನು ಬೇರೆಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕಟ್ಟಿಟ್ಟು ಕೆಲವು ವಾರ ಒಣಗಲು ಬಿಡಿ. ಒಣಗಿದ ಮೇಲೆ, ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಕ್ಯಾಸೆಟ್ಟಿನ ತಳದ ಐದು ಸ್ಕ್ರೂಗಳನ್ನು ಬಿಚ್ಚಿ, ಸುರುಳಿಯ ಅಂಚಿನ ಪುಡಿಯನ್ನು ಮೆತ್ತನೆಯ ಬ್ರಷ್ಷಿನಿಂದ ಹಗುರವಾಗಿ ತೆಗೆಯಬಹುದು. ಮುಚ್ಚಳ ಎತ್ತಿದೊಡನೆ, ಏನನ್ನೂ ಅಲುಗಿಸುವ ಮೊದಲು, ಒಳಗಿನ ಭಾಗಗಳ ಜೋಡಣೆಯ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಒಳಗಿನ ಸಣ್ಣ ಸ್ಪ್ರಿಂಗುಗಳು ಎಲ್ಲಿದ್ದವು ಎಂಬುದು ಆಮೇಲೆ ನೆನಪಾಗುವುದಿಲ್ಲ. ಅಂಚಷ್ಟೇ ಅಲ್ಲದೆ ಪದರ ಪದರದ ನಡುವೆಯೂ ಅಂಟಿಕೊಂಡಿದ್ದರೆ ಮನೆಯಲ್ಲಿ ಕೈಹಾಕದೆ, ಇದನ್ನೇ ವೃತ್ತಿಯಾಗಿ ಮಾಡುವವರಿಗೆ ಕೊಡುವುದು ಲೇಸು. ಒಣಗಿಸಿ ಶುಚಿ ಮಾಡಿದ ಕ್ಯಾಸೆಟ್ಟುಗಳನ್ನೂ ಸರದಿಯ ಕೊನೆಗೆ ಇಟ್ಟುಕೊಂಡು, ಪ್ರತಿಯೊಂದರ ನಂತರ ಯಂತ್ರವನ್ನು ಶುಚಿ ಮಾಡಬೇಕು.

ತುಂಡಾದ ಟೇಪಿಗೆ ಸೆಲ್ಲೊ ಟೇಪು ಅಂಟಿಸುವುದು ಎಲ್ಲರಿಗೂ ಹೊಳೆಯುವ ಉಪಾಯ, ಆದರೆ ಅದರ ಅಂಟು ಕಾಲಕ್ರಮೇಣ ಹೊರಗೆ ಒಸರಿ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಜೋಡಿಸಲೆಂದೇ ಮಾಡಿದ ಸ್ಪ್ಲೈಸಿಂಗ್ ಟೇಪನ್ನು ಕಾಂತೀಯ ಲೇಪನವಿಲ್ಲದ ಹಿಂಬದಿಗೆ ಹಚ್ಚಿ, ಆ ಜೋಡಣೆ ಹೆಡ್ಡಿನ ಮೇಲೆ ಹಾಯದಂತೆ ಎರಡೂ ಭಾಗಗಳನ್ನು ಬೇರೆ ಬೇರೆಯಾಗಿ ಇಳಿಸಿಕೊಳ್ಳಿ. ಹೊರ ಡಬ್ಬಿ ಒಡೆದಿದ್ದರೆ ಬೇಡದ ಯಾವುದಾದರೂ ಕ್ಯಾಸೆಟ್ಟಿನ ಡಬ್ಬಿಗೆ ಸುರುಳಿಗಳನ್ನು ವರ್ಗಾಯಿಸಬಹುದು.

ಯಂತ್ರವನ್ನು ಹುಡುಕುವುದು, ಶುಚಿ ಮಾಡುವುದು

ಬಹಳ ಮನೆಗಳಲ್ಲಿ ಇದ್ದದ್ದು ವಿಸಿಪಿ, ಎಂದರೆ ಓಡಿಸಲು ಮಾತ್ರ ಬರುವ ಯಂತ್ರ. ಅದೇ ಇದ್ದರೆ ಪ್ರಯತ್ನಿಸಬಹುದು. ಆದರೆ ಹುಡುಕುವ ಅವಕಾಶವಿದ್ದರೆ ಹೈಫೈ ಸ್ಟೀರಿಯೊ ವಿಸಿಆರ್ ಅನ್ನೇ ಹುಡುಕಿ, ಸಾಧ್ಯವಾದರೆ ಎಸ್-ವಿಡಿಯೊ ಹೊರದಾರಿ ಇರುವ ಎಸ್-ವಿಎಚ್‌ಎಸ್ (ವಿಎಚ್‌ಎಸ್‌ನ ಸುಧಾರಿತ ರೂಪ) ಯಂತ್ರವನ್ನು. ಹೈಫೈ ಏಕೆ ಬೇಕೆಂಬುದಕ್ಕೆ ಮುಂದೆ ಬರುತ್ತೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಹಳೆಯ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ, ಹಳೆಯ ಸಾಮಾನಿನ ಆನ್‌ಲೈನ್ ತಾಣಗಳಲ್ಲಿ, ಅದಕ್ಕಿಂತ ಮೊದಲು ನಂಟರಿಷ್ಟರ ಅಟ್ಟಗಳಲ್ಲಿ ವಿಚಾರಿಸಿ. ಮಂಗಳೂರು, ಉಡುಪಿ, ಭಟ್ಕಳದ ಕಡೆ ಗಲ್ಫಿನಿಂದ ತಂದ ಯಂತ್ರಗಳಲ್ಲಿ ಅನೇಕವು ಪ್ಯಾಲ್, ಎನ್‌ಟಿಎಸ್‌ಸಿ ಎರಡನ್ನೂ ಓಡಿಸುವಂಥವು. ವಿದೇಶದ ಕ್ಯಾಸೆಟ್ಟುಗಳಿರುವ ಮನೆಯವರಿಗೆ ಅಂಥದ್ದು ಸಿಕ್ಕರೆ ಭಾಗ್ಯ.

ಕೊಳ್ಳುವ ಮೊದಲು ನಿಮಗೆ ಬೇಡವಾದ ಒಂದು ಕ್ಯಾಸೆಟ್ಟನ್ನು ಒಯ್ದು ಓಡಿಸಿ ನೋಡಿ. ನುಂಗಿದ ಕ್ಯಾಸೆಟ್ಟನ್ನು ಸಲೀಸಾಗಿ ಹೊರಹಾಕುತ್ತದೆಯೇ, ಮುಂದಕ್ಕೂ ಹಿಂದಕ್ಕೂ ಕೊನೆಯವರೆಗೆ ಸುತ್ತುತ್ತದೆಯೇ, ಹೊರಬಂದ ಟೇಪಿನ ಅಂಚು ಮಡಿಚಿಕೊಂಡಿದೆಯೇ, ಈ ಮೂರನ್ನು ನೋಡಿದರೆ ಸಾಕು. ಅಂಚು ಮಡಿಚುವ ಯಂತ್ರ ಎಷ್ಟು ಒಳ್ಳೆಯ ಚಿತ್ರ ತೋರಿಸಿದರೂ ಬೇಡ. ಮನೆಯ ಒಳ್ಳೆಯ ಕ್ಯಾಸೆಟ್ಟನ್ನು ಪರೀಕ್ಷೆಗೆ ಒಯ್ಯಲೇಬೇಡಿ.

ಶುಚಿ ಮಾಡಲು 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಮೊಬೈಲ್ ರಿಪೇರಿ ಸಾಮಾನಿನ ಅಂಗಡಿಯಲ್ಲಿ ‘ಐಪಿಎ’ ಎಂದು ಕೇಳಿದರೆ ಕೊಡುತ್ತಾರೆ. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ಮುಚ್ಚಳ ತೆಗೆಯಿರಿ; ವಿದ್ಯುತ್ ಒಳಬರುವ ಭಾಗದ ಹತ್ತಿರ ಕೈ ಹೋಗದಿರಲಿ. ನಡುವೆ ಸ್ವಲ್ಪ ಓರೆಯಾಗಿ ಕೂತಿರುವ, ಕನ್ನಡಿಯಂತೆ ಹೊಳೆಯುವ ಉರುಳೆಯೇ ಹೆಡ್ ಡ್ರಮ್. ಪ್ಯಾಲ್ ಯಂತ್ರದಲ್ಲಿ ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಅಂಚಿನಲ್ಲಿರುವ, ಕಣ್ಣಿಗೆ ಕಾಣುವುದೇ ಕಷ್ಟವಾದಷ್ಟು ಸಣ್ಣ ಹೆಡ್ಡುಗಳೇ ಚಿತ್ರವನ್ನು ಓದುವುದು. ಬಿಳಿಯ ಕಾಗದದ ಪಟ್ಟಿಯನ್ನೋ ಚರ್ಮದ ತುದಿಯ ಶುಚಿಗೊಳಿಸುವ ಕಡ್ಡಿಯನ್ನೋ ಆಲ್ಕೊಹಾಲಿನಲ್ಲಿ ತೋಯಿಸಿ, ಡ್ರಮ್ಮಿನ ಬದಿಗೆ ಅಲುಗಾಡದಂತೆ ಮೆತ್ತಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನು ಮೇಲಿನಿಂದ ಹಿಡಿದು ನಿಧಾನವಾಗಿ ತಿರುಗಿಸಿ. ತಿರುಗಬೇಕಾದದ್ದು ಡ್ರಮ್, ಕಾಗದವಲ್ಲ. ಕಾಗದವನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿದೇ ಹೋಗುತ್ತದೆ, ಹತ್ತಿ ಸುತ್ತಿದ ಕಡ್ಡಿ ಬಳಸಿದರೆ ಎಳೆ ಸಿಕ್ಕಿಕೊಳ್ಳುತ್ತದೆ. ಕಾಗದದ ಮೇಲೆ ಕಂದು ಗೆರೆ ಬೀಳುವುದು ನಿಂತಾಗ ಕೆಲಸ ಮುಗಿದಂತೆ. ಟೇಪು ಹಾದುಹೋಗುವ ಲೋಹದ ಕಂಬಗಳನ್ನೂ ಅದೇ ರೀತಿ ಒರೆಸಿ; ಕಪ್ಪು ರಬ್ಬರಿನ ರೋಲರಿಗೆ ಮಾತ್ರ ಆಲ್ಕೊಹಾಲ್ ಬೇಡ, ಸ್ವಲ್ಪ ಸಾಬೂನು ನೀರಿನ ಒದ್ದೆ ಬಟ್ಟೆ ಸಾಕು. ಎಲ್ಲವೂ ಚೆನ್ನಾಗಿ ಆರಿದ ಮೇಲಷ್ಟೇ ಕ್ಯಾಸೆಟ್ಟು ಹಾಕಿ.

ಕೇಬಲ್, ಕ್ಯಾಪ್ಚರ್ ಸಾಧನ, ಕಂಪ್ಯೂಟರ್

ವಿಸಿಆರಿನ ಹಿಂದೆ ಹಳದಿ ಬಣ್ಣದ ತೂತು ಚಿತ್ರದ್ದು, ಬಿಳಿ ಮತ್ತು ಕೆಂಪು ಎಡ ಬಲದ ಧ್ವನಿಯದು. ಎಸ್-ವಿಡಿಯೊ ಇದ್ದರೆ ಹಳದಿಯ ಬದಲು ಅದನ್ನೇ ಬಳಸಿ, ಏಕೆಂದರೆ ಅದು ಬೆಳಕು ಮತ್ತು ಬಣ್ಣವನ್ನು ಬೇರೆ ಬೇರೆ ತಂತಿಯಲ್ಲಿ ಒಯ್ಯುತ್ತದೆ. ಆಂಟೆನಾ ತಂತಿಯ ಮೂಲಕ ಇಳಿಸುವುದು ಎಲ್ಲಕ್ಕಿಂತ ಕೀಳು ದಾರಿ.

ಈ ಕೇಬಲ್ಲುಗಳು ಹೋಗಿ ಸೇರುವುದು, ಚಿತ್ರ ಧ್ವನಿಗಳನ್ನು ಕಂಪ್ಯೂಟರಿಗೆ ಅರ್ಥವಾಗುವ ಅಂಕಿಗಳಾಗಿಸುವ ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ. ಇಲ್ಲಿ ಒಂದು ಎಚ್ಚರಿಕೆ. ಹಳದಿ, ಬಿಳಿ, ಕೆಂಪು ಪಿನ್ನುಗಳನ್ನು ಎಚ್‌ಡಿಎಂಐಗೆ ಬದಲಿಸುವ ಅಗ್ಗದ ಡಬ್ಬಿಯನ್ನು ಕೊಂಡು, ಅದರ ಎಚ್‌ಡಿಎಂಐಯನ್ನು ಮತ್ತೆ ಸೆರೆಹಿಡಿಯುವುದು ಸುಲಭವೆಂದು ಕಾಣುತ್ತದೆ. ನನ್ನ ಮೊದಲ ಬೇಸಿಗೆಯ ಕೆಲಸವೆಲ್ಲ ಹಾಳಾದದ್ದು ಅಲ್ಲೇ. ಅಂತಹ ಡಬ್ಬಿ ಚಿತ್ರವನ್ನು ತನಗೆ ತೋಚಿದಂತೆ ಹಿಗ್ಗಿಸುತ್ತದೆ, ಅರ್ಧದಷ್ಟು ಚಲನೆಯನ್ನು ಎಸೆಯುತ್ತದೆ. ಅಕ್ಕನ ಮದುವೆಗೆ ಬಂದಿದ್ದವರೆಲ್ಲ ಅದರಲ್ಲಿ ಗಿಡ್ಡಗೆ, ದಪ್ಪಗೆ ಕಾಣುತ್ತಿದ್ದರು, ಕೈ ಬೀಸಿದರೆ ಕೈಯ ಅಂಚು ಗರಗಸದ ಹಾಗಾಗುತ್ತಿತ್ತು. ಒಮ್ಮೆ ಎಸೆದದ್ದನ್ನು ಯಾವ ತಂತ್ರಾಂಶವೂ ಮರಳಿಸಲಾರದು. ಆದ್ದರಿಂದ 720×576 ಗಾತ್ರದಲ್ಲಿ, ಚಿತ್ರವನ್ನು ಇದ್ದ ಹಾಗೆಯೇ ಕೊಡುವ ಸಾಧನವನ್ನೇ ಆರಿಸಿಕೊಳ್ಳಿ.

ಕ್ಯಾಪ್ಚರ್ ಸಾಧನಕ್ಕೂ ವಿಸಿಆರಿಗೂ ನಡುವೆ ಇನ್ನೊಂದು ಯಂತ್ರವನ್ನಿಟ್ಟರೆ ಫಲಿತಾಂಶ ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತದೆ. ಹಳೆಯ ಟೇಪು ಹಿಗ್ಗಿ ಕುಗ್ಗಿ ಓಡುವುದರಿಂದ ಚಿತ್ರದ ಪ್ರತಿ ಗೆರೆ ಒಂದು ಕೂದಲೆಳೆಯಷ್ಟು ಮುಂಚೆಯೋ ತಡವಾಗಿಯೋ ಶುರುವಾಗುತ್ತದೆ. ಅದರಿಂದ ಬಾಗಿಲಿನ ಚೌಕಟ್ಟು, ಮಂಟಪದ ಕಂಬ ಮುಂತಾದ ನೇರ ವಸ್ತುಗಳು ನೀರಿನಲ್ಲಿ ಕಂಡಂತೆ ಅಲುಗುತ್ತವೆ. ಹಳೆಯ ಟಿವಿಗಳು ಇದನ್ನು ಸಹಿಸಿಕೊಳ್ಳುತ್ತಿದ್ದವು, ಕಂಪ್ಯೂಟರ್ ಸಹಿಸುವುದಿಲ್ಲ. ಗೆರೆಗಳನ್ನು ಸಾಲು ಹಿಡಿದು ನಿಲ್ಲಿಸುವ ಸಲಕರಣೆಗೆ ಟೈಮ್ ಬೇಸ್ ಕರೆಕ್ಟರ್ ಎಂದು ಹೆಸರು. ಸ್ವತಂತ್ರ ಯಂತ್ರವಾಗಿ ಅದು ದುಬಾರಿ. ಆದರೆ ಕೆಲವು ಎಸ್-ವಿಎಚ್‌ಎಸ್ ವಿಸಿಆರ್‌ಗಳ ಒಳಗೆ ಅದು ಇರುತ್ತದೆ, ಮತ್ತು ಪ್ಯಾನಾಸಾನಿಕ್ ಡಿಎಂಆರ್-ಇಎಸ್10, ಇಎಸ್15 ಮುಂತಾದ ಹಳೆಯ ಡಿವಿಡಿ ರೆಕಾರ್ಡರುಗಳ ಮೂಲಕ ಚಿತ್ರವನ್ನು ಹಾಯಿಸಿದರೂ ಬಹುಪಾಲು ಅದೇ ಕೆಲಸವಾಗುತ್ತದೆ ಎಂಬುದು ಈ ಕೆಲಸದಲ್ಲಿ ಪಳಗಿದವರಿಗೆಲ್ಲ ಗೊತ್ತಿರುವ ಉಪಾಯ. ನೀವೇ ತೆಗೆಸಿದ ಮದುವೆಯ ಕ್ಯಾಸೆಟ್ಟಿಗೂ ‘ಇದು ನಕಲು ತಡೆಯಿರುವ ಟೇಪು’ ಎಂದು ಕ್ಯಾಪ್ಚರ್ ಸಾಧನ ತಕರಾರು ಮಾಡಿದರೆ, ಅದಕ್ಕೂ ಕಾರಣ ಸಾಮಾನ್ಯವಾಗಿ ಈ ಅಸ್ಥಿರ ಸಂಕೇತವೇ. ನಡುವೆ ಇಂತಹ ಯಂತ್ರವಿಟ್ಟಾಗ ತಕರಾರು ನಿಲ್ಲುತ್ತದೆ.

ತಂತ್ರಾಂಶದ ವಿಷಯಕ್ಕೆ ಬಂದರೆ, ವಿಂಡೋಸಿನಲ್ಲಿ ಉಚಿತವಾಗಿ ಸಿಗುವ ವರ್ಚುವಲ್‌ಡಬ್2 ನನ್ನ ಆಯ್ಕೆ. ಸೆಕೆಂಡಿಗೆ 25 ಚಿತ್ರ, 720×576 ಗಾತ್ರ, ಧ್ವನಿ 48 ಕಿಲೊಹರ್ಟ್ಸ್, ಸಂಕುಚನಕ್ಕೆ ಹಫ್‌ವೈಯುವಿ ಅಥವಾ ಲ್ಯಾಗರಿತ್ ಎಂದು ಹೊಂದಿಸಿ. ಇವು ಚಿತ್ರದ ಒಂದು ಕಣವನ್ನೂ ಕಳೆಯದೆ ಗಾತ್ರ ಇಳಿಸುವ ಪದ್ಧತಿಗಳು. ಸಂಕುಚನವೇ ಇಲ್ಲದಿದ್ದರೆ ಗಂಟೆಗೆ ಸುಮಾರು 75 ಜಿಬಿ ಬೇಕಾಗುವಲ್ಲಿ, ಇವುಗಳಿಂದ 30 ಜಿಬಿಯ ಆಸುಪಾಸಿಗೆ ಇಳಿಯುತ್ತದೆ; ಮೂರು ಗಂಟೆಯ ಕ್ಯಾಸೆಟ್ಟಿಗೆ 100 ಜಿಬಿ ಜಾಗ ಇರಿಸಿಕೊಂಡರೆ ನೆಮ್ಮದಿ. ಇದು ಅತಿಯಾಯಿತು ಎನ್ನುವವರು ಒಬಿಎಸ್ ಸ್ಟುಡಿಯೊ ಬಳಸಿ, ಗಾತ್ರ 768×576, ಸೆಕೆಂಡಿಗೆ 50 ಚಿತ್ರ, ಡಿಇಂಟರ್‌ಲೇಸಿಂಗಿಗೆ (ಅರ್ಧರ್ಧ ಗೆರೆಗಳಾಗಿ ದಾಖಲಾದದ್ದನ್ನು ಪೂರ್ಣ ಚಿತ್ರಗಳಾಗಿಸುವುದಕ್ಕೆ) ಯಾಡಿಫ್ 2ಎಕ್ಸ್ ಎಂದು ಹೊಂದಿಸಿ ನೇರವಾಗಿ ಎಂಪಿ4 ಮಾಡಿಕೊಳ್ಳಬಹುದು. ಆದರೂ ಮನೆಯಲ್ಲಿ ಒಂದೇ ಒಂದು ಕ್ಯಾಸೆಟ್ಟಿದ್ದು ಅದು ಹಿರಿಯರೊಬ್ಬರ ದನಿ ಮುಖಗಳನ್ನು ಉಳಿಸಿಕೊಂಡಿರುವ ಏಕೈಕ ವಸ್ತುವಾಗಿದ್ದರೆ ಮೊದಲನೆಯ ದಾರಿಯನ್ನೇ ಹಿಡಿಯಿರಿ ಎಂದು ಒತ್ತಾಯಿಸುತ್ತೇನೆ.

ಇಳಿಸುವ ದಿನ

ಕ್ಯಾಸೆಟ್ಟನ್ನು ಹಿಂದಿನ ದಿನವೇ ತಂದು ಯಂತ್ರವಿರುವ ಕೋಣೆಯಲ್ಲಿಡಿ, ಅಲ್ಲಿನ ಹವೆಗೆ ಅದು ಹೊಂದಿಕೊಳ್ಳಲಿ. ಮರುದಿನ ಅದನ್ನು ಕೊನೆಯವರೆಗೆ ಸುತ್ತಿ, ಮತ್ತೆ ಮೊದಲಿಗೆ ತನ್ನಿ. ವರ್ಷಗಟ್ಟಲೆ ಒಂದೇ ಬಿಗಿಯಲ್ಲಿ ಅಂಟಿಕೊಂಡಿದ್ದ ಪದರಗಳು ಇದರಿಂದ ಬಿಡಿಸಿಕೊಂಡು ಸಮನಾಗಿ ಸುತ್ತಿಕೊಳ್ಳುತ್ತವೆ. ಕಂಪ್ಯೂಟರಿನಲ್ಲಿ ನಿದ್ದೆಗೆ ಜಾರುವ ವ್ಯವಸ್ಥೆ, ತಾನಾಗಿ ನಡೆಯುವ ಅಪ್‌ಡೇಟ್, ವೈಫೈ ಎಲ್ಲವನ್ನೂ ನಿಲ್ಲಿಸಿ. ಕ್ಯಾಪ್ಚರ್ ಸಾಧನವನ್ನು ಹಬ್ಬಿನ ಮೂಲಕವಲ್ಲದೆ ನೇರವಾಗಿ ಕಂಪ್ಯೂಟರಿಗೇ ಚುಚ್ಚಿ. ನಮ್ಮ ಕಡೆ ಕರೆಂಟು ಹೋಗುವುದು ಹೊಸದಲ್ಲವಾದ್ದರಿಂದ ವಿಸಿಆರ್ ಮತ್ತು ಕಂಪ್ಯೂಟರ್ ಎರಡನ್ನೂ ಯುಪಿಎಸ್ ಮೇಲೆ ಇಡಿ. ಕ್ಯಾಸೆಟ್ಟು ಓಡುತ್ತಿರುವಾಗ ಕರೆಂಟು ಹೋದರೆ ಟೇಪು ಡ್ರಮ್ಮಿಗೆ ಸುತ್ತಿಕೊಂಡೇ ನಿಲ್ಲುತ್ತದೆ.

ಐದು ನಿಮಿಷ ಪರೀಕ್ಷೆಗೆ ಓಡಿಸಿ, ಟ್ರ್ಯಾಕಿಂಗ್ ಗುಂಡಿಗಳಿಂದ ಚಿತ್ರದ ಮೇಲೆ ಹಾಯುವ ಬಿಳಿಪಟ್ಟಿಯನ್ನು ಹೊರಕ್ಕೆ ಸರಿಸಿ. ಚಿತ್ರದ ತೀರ ಕೆಳಗೆ ಕೆಲವು ಗೆರೆಗಳು ಯಾವಾಗಲೂ ಹರಿದಂತೆ ಕಾಣುತ್ತವೆ. ಅದು ದೋಷವಲ್ಲ, ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಓದುವಿಕೆ ಬದಲಾಗುವ ಜಾಗ. ಅದನ್ನು ಆಮೇಲೆ ಮುಚ್ಚಬಹುದು. ಬೆಳಕಿನ ಮಟ್ಟವನ್ನು ಮಾತ್ರ ಈಗಲೇ ಸರಿಪಡಿಸಬೇಕು. ಛತ್ರದ ಮದುವೆಗಳಲ್ಲಿ ವಿಡಿಯೊದವರು ಹಿಡಿಯುತ್ತಿದ್ದ ಪ್ರಖರ ಹ್ಯಾಲೊಜನ್ ದೀಪದಿಂದ ಬಿಳಿ ಪಂಚೆ, ಜರಿಯಂಚು, ಹಣೆಯ ಮೇಲಿನ ಬೆವರು ಟೇಪಿನಲ್ಲೇ ಅತಿ ಬೆಳ್ಳಗಿರುತ್ತವೆ. ವರ್ಚುವಲ್‌ಡಬ್‌ನಲ್ಲಿ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೊಗ್ರಾಮ್ ನಕ್ಷೆ ತೆರೆದು, ಬಲ ತುದಿಯಲ್ಲಿ ಗೆರೆ ಗೋಡೆಗೆ ಅಪ್ಪಳಿಸದಂತೆ ಕಾಂಟ್ರಾಸ್ಟ್ ಇಳಿಸಿ. ಸ್ವಲ್ಪ ಮಂಕಾಗಿ ಇಳಿದದ್ದನ್ನು ನಂತರ ಬೆಳಗಿಸಬಹುದು, ಪೂರ್ತಿ ಬೆಳ್ಳಗಾದ ಪಂಚೆಯ ನಿರಿಗೆಗಳನ್ನು ಮರಳಿ ತರಲಾಗದು.

ಇನ್ನು ಧ್ವನಿ. ವಿಎಚ್‌ಎಸ್ ಟೇಪಿನಲ್ಲಿ ಧ್ವನಿಗೆ ಎರಡು ಜಾಗಗಳಿರಬಹುದು. ಒಂದು, ಟೇಪಿನ ಅಂಚಿನಲ್ಲಿ ಆಡಿಯೊ ಕ್ಯಾಸೆಟ್ಟಿನಂತೆ ಉದ್ದಕ್ಕೂ ಹರಿಯುವ ಸಾಮಾನ್ಯ ಹಾದಿ. ಇನ್ನೊಂದು, ಚಿತ್ರದ ಕೆಳಗಿನ ಪದರದಲ್ಲಿ, ತಿರುಗುವ ಡ್ರಮ್ಮಿನ ಮೇಲಿನ ಬೇರೆ ಹೆಡ್ಡುಗಳು ಬರೆಯುವ ಹೈಫೈ ಹಾದಿ. ಮದುವೆಯ ಕ್ಯಾಸೆಟ್ಟು ಸಿದ್ಧಪಡಿಸುವಾಗ ಮೇಲಿನಿಂದ ಸಿನಿಮಾ ಹಾಡು ಸೇರಿಸುತ್ತಿದ್ದದ್ದು ಎಲ್ಲರಿಗೂ ನೆನಪಿರುತ್ತದೆ. ಆಡಿಯೊ ಡಬ್ ಎಂಬ ಆ ಸೌಲಭ್ಯದಿಂದ ಅಳಿಸಿ ಬರೆಯಲು ಸಾಧ್ಯವಿದ್ದದ್ದು ಅಂಚಿನ ಹಾದಿಯನ್ನು ಮಾತ್ರ. ಚಿತ್ರದ ಕೆಳಗಿನ ಹೈಫೈ ಧ್ವನಿಯನ್ನು ಮುಟ್ಟಬೇಕಾದರೆ ಚಿತ್ರವನ್ನೂ ಅಳಿಸಬೇಕಾಗುತ್ತಿತ್ತು. ನಮ್ಮ ಮನೆಯ ವಿಸಿಪಿಗೆ ಅಂಚಿನ ಹಾದಿಯಷ್ಟೇ ಕೇಳುತ್ತಿತ್ತು. ಹಾಗಾಗಿ ಅಕ್ಕನ ಧಾರೆಯ ದೃಶ್ಯದಲ್ಲಿ ಮೂವತ್ತು ವರ್ಷ ನಾವು ಕೇಳಿದ್ದು ಯಾವುದೋ ಯುಗಳಗೀತೆಯನ್ನು.

ಎರಡನೆಯ ಬೇಸಿಗೆಯಲ್ಲಿ ಎರವಲು ತಂದ ಹೈಫೈ ವಿಸಿಆರಿನಲ್ಲಿ ಆಡಿಯೊ ಗುಂಡಿಯನ್ನು ‘ನಾರ್ಮಲ್’ನಿಂದ ‘ಹೈಫೈ’ಗೆ ಬದಲಿಸಿದೆ. ಹಾಡು ನಿಂತಿತು. ಛತ್ರದ ಗದ್ದಲ ಕೇಳತೊಡಗಿತು: ಪಾಕಶಾಲೆಯ ಕಡೆಯಿಂದ ಕೊಳದಪ್ಪಲೆ ಎಳೆಯುವ ಸದ್ದು, ಯಾರೋ ಮಗುವನ್ನು ಕರೆಯುವುದು, ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೂಗಿದ್ದು, ಒಮ್ಮೆಲೇ ಏರಿದ ವಾಲಗ. ಅದು ಇಳಿದ ಮೇಲೆ ಅಜ್ಜಿಯ ದನಿ. ಆರತಿಯ ಪದ ಹೇಳುತ್ತಿದ್ದಳು. ಎರಡನೆಯ ನುಡಿಯ ನಡುವೆ ಕೆಮ್ಮು ಬಂದು ನಿಂತಳು, ಪಕ್ಕದವರು ಒಂದು ಸಾಲು ಮುಂದುವರಿಸಿದರು, ಅಜ್ಜಿ ಮತ್ತೆ ಸೇರಿಕೊಂಡಳು. ಅವಳ ತುಟಿ ಅಲುಗುವುದನ್ನು ನಾವೆಲ್ಲ ಎಷ್ಟೋ ಸಲ ನೋಡಿದ್ದೆವು, ಆ ಪದ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲ ಕ್ಯಾಸೆಟ್ಟಿನಲ್ಲೂ ಹೀಗೆ ಸಿಗುತ್ತದೆ ಎನ್ನುವಂತಿಲ್ಲ, ನಮ್ಮ ಹದಿನಾಲ್ಕರಲ್ಲಿ ಸಿಕ್ಕಿದ್ದು ಎರಡರಲ್ಲಿ ಮಾತ್ರ. ಆದರೆ ಪ್ರತಿ ಕ್ಯಾಸೆಟ್ಟಿನಲ್ಲೂ ಎರಡೂ ಹಾದಿಗಳನ್ನು ಕೇಳಿ ನೋಡದೆ ಇಳಿಸಬೇಡಿ. ಎರಡರಲ್ಲೂ ಬೇರೆ ಬೇರೆ ಧ್ವನಿ ಇದ್ದರೆ ಕ್ಯಾಸೆಟ್ಟನ್ನು ಎರಡು ಸಲ ಓಡಿಸಿ ಎರಡನ್ನೂ ಉಳಿಸಿಕೊಳ್ಳಿ.

ಓಡುತ್ತಿರುವಾಗ ತಂತ್ರಾಂಶ ತೋರಿಸುವ, ತಪ್ಪಿಹೋದ ಚಿತ್ರಗಳ ಎಣಿಕೆಯ ಮೇಲೆ ಕಣ್ಣಿಡಿ. ಮೂರು ಗಂಟೆಯಲ್ಲಿ ಎಲ್ಲೋ ಬೆರಳೆಣಿಕೆಯಷ್ಟು ತಪ್ಪಿದರೆ ಚಿಂತೆಯಿಲ್ಲ. ನೂರುಗಟ್ಟಲೆ ಏರುತ್ತಿದ್ದರೆ ತುಟಿಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ, ಆಗ ನಿಲ್ಲಿಸಿ ಕಾರಣ ಹುಡುಕಿ. ಖಾಲಿ ಎನಿಸಿದ ಭಾಗವನ್ನೂ ಕೊನೆಯವರೆಗೆ ಓಡಲು ಬಿಡಿ. ಊಟದ ಪಂಕ್ತಿಯ ನಂತರ ಕಪ್ಪು ಪರದೆ ಬಂದು ಹತ್ತು ನಿಮಿಷವಾದ ಮೇಲೆ ಹಿಂದಿನ ಯಾವುದೋ ರೆಕಾರ್ಡಿಂಗಿನ ತುಣುಕು ಎದ್ದುಬರುವುದುಂಟು.

ಮಿನಿ-ಡಿವಿ ಬೇರೆಯೇ ಕೆಲಸ

ಮಿನಿ-ಡಿವಿ ಮತ್ತು ಡಿಜಿಟಲ್-8 ಟೇಪುಗಳಲ್ಲಿ ಇರುವುದು ಈಗಾಗಲೇ ಅಂಕಿಗಳ ರೂಪದ ಮಾಹಿತಿ. ಇದನ್ನು ಹಳದಿ ಪಿನ್ನಿನಿಂದ ಇಳಿಸುವುದೆಂದರೆ ಅಚ್ಚಾದ ಪುಸ್ತಕವನ್ನು ಓದಿಸಿ ಕೇಳಿ ಮತ್ತೆ ಬರೆದುಕೊಂಡಂತೆ. ಕ್ಯಾಮೆರಾದಲ್ಲಿ ‘ಡಿವಿ’ ಅಥವಾ ‘ಐ-ಲಿಂಕ್’ ಎಂದು ಬರೆದಿರುವ ಸಣ್ಣ ತೂತಿನಿಂದ ಫೈರ್‌ವೈರ್ ಕೇಬಲ್ ಮೂಲಕ ಇಳಿಸಿದರೆ ಟೇಪಿನಲ್ಲಿರುವ ಮಾಹಿತಿಯೇ ಹಾಗೆಯೇ ಕಡತವಾಗುತ್ತದೆ. ಗಂಟೆಗೆ ಸುಮಾರು 13 ಜಿಬಿ. ಅದೇ ಕ್ಯಾಮೆರಾದಲ್ಲಿ ಯುಎಸ್‌ಬಿ ತೂತೂ ಇರಬಹುದು, ಅದರಿಂದ ಮೋಸಹೋಗಬೇಡಿ: ಬಹಳಷ್ಟು ಮಾದರಿಗಳಲ್ಲಿ ಅದು ಸ್ಥಿರಚಿತ್ರಗಳಿಗೋ ಕಡಿಮೆ ಗುಣಮಟ್ಟದ ಚಿತ್ರಕ್ಕೋ ಸೀಮಿತ.

ಈಗಿನ ಲ್ಯಾಪ್‌ಟಾಪುಗಳಲ್ಲಿ ಫೈರ್‌ವೈರ್ ಇಲ್ಲವಾದ್ದರಿಂದ, ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಪಿಸಿಐ-ಇ ಫೈರ್‌ವೈರ್ ಕಾರ್ಡ್ ಹಾಕಿಸುವುದೋ, ಆ ಪೋರ್ಟ್ ಇರುವ ಹಳೆಯ ಕಂಪ್ಯೂಟರನ್ನು ಎರವಲು ತರುವುದೋ ಒಳ್ಳೆಯದು. ಫೈರ್‌ವೈರಿನ ತುದಿಯನ್ನು ಯುಎಸ್‌ಬಿಗೆ ಬದಲಿಸುವ ಅಗ್ಗದ ಕನೆಕ್ಟರುಗಳು ಕೆಲಸ ಮಾಡುವುದಿಲ್ಲ, ಏಕೆಂದರೆ ಎರಡರ ವಿದ್ಯುತ್ ಭಾಷೆಯೇ ಬೇರೆ. ವಿಂಡೋಸಿನಲ್ಲಿ ವಿನ್‌ಡಿವಿ, ಲಿನಕ್ಸಿನಲ್ಲಿ ಡಿವಿಗ್ರ್ಯಾಬ್ ಎಂಬ ಸಣ್ಣ ತಂತ್ರಾಂಶಗಳು ಸಾಕು. ಚಿತ್ರದಲ್ಲಿ ಚೌಕ ಚೌಕ ಕಲೆಗಳು ಕಂಡರೆ ಹೆಡ್ ಶುಚಿ ಮಾಡಿ ಅದೇ ಟೇಪನ್ನು ಎರಡು ಮೂರು ಸಲ ಇಳಿಸಿ. ಡಿವಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಪ್ರತಿ ಸಲದ ಚೆನ್ನಾದ ಚಿತ್ರಗಳನ್ನು ಆರಿಸಿ ಒಂದು ಕಡತ ಮಾಡಿಕೊಡುತ್ತದೆ. ಹಳೆಯ ವಿಡಿಯೊ-8, ಹೈ-8 ಕ್ಯಾಸೆಟ್ಟುಗಳಿರುವವರಿಗೂ ಒಂದು ಸೂಚನೆ: ಕೆಲವು ಡಿಜಿಟಲ್-8 ಕ್ಯಾಮೆರಾಗಳು ಅವನ್ನೂ ಓಡಿಸಿ ಫೈರ್‌ವೈರ್ ಮೂಲಕ ಕಳುಹಿಸುತ್ತವೆ.

ಅಮೆರಿಕದಿಂದ ಬಂದ ಕ್ಯಾಸೆಟ್ಟು

ಭಾರತದ ಅನೇಕ ವಿಸಿಆರ್‌ಗಳು ಎನ್‌ಟಿಎಸ್‌ಸಿ ಟೇಪನ್ನು ಪ್ಯಾಲ್ ಟಿವಿಯಲ್ಲಿ ತೋರಿಸಬಲ್ಲವು, ಆದರೆ ಅವು ಹೊರಗೆ ಕೊಡುವುದು ಪ್ಯಾಲ್-60 ಎಂಬ ಬೆರಕೆ ಸಂಕೇತ. ಟಿವಿ ಅದನ್ನು ಒಪ್ಪಿಕೊಳ್ಳುತ್ತದೆ, ಕ್ಯಾಪ್ಚರ್ ಸಾಧನ ಬಣ್ಣ ಕಳೆದುಕೊಂಡೋ ಉರುಳಾಡಿಯೋ ತಡವರಿಸುತ್ತದೆ. ನಿಜವಾದ ಎನ್‌ಟಿಎಸ್‌ಸಿ ಹೊರಕೊಡುವ ಯಂತ್ರ ಬೇಕು. ಇಳಿಸುವಾಗ 720×480, ಸೆಕೆಂಡಿಗೆ 29.97 ಎಂದು ಹೊಂದಿಸಬೇಕು. ಅಲ್ಲಿಂದಲೇ ಯಂತ್ರ ತರಿಸಿದರೆ ಅದು 120 ವೋಲ್ಟಿನದು ಎಂಬುದನ್ನು ಮರೆಯಬೇಡಿ, ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟಿಗೆ ಚುಚ್ಚಿದರೆ ಸುಟ್ಟುಹೋಗುತ್ತದೆ. ನಮ್ಮ ಮೂರು ಕ್ಯಾಸೆಟ್ಟುಗಳನ್ನು ಕೊನೆಗೆ ಚಿಕ್ಕಪ್ಪನ ಬಳಿಗೇ ಕಳುಹಿಸಿ ಅಲ್ಲಿಯೇ ಇಳಿಸಿದೆವು. ಒಂದೆರಡೇ ಇದ್ದರೆ ಅದೇ ಸುಲಭ.

ಇಳಿಸಿದ ಮೇಲೆ

ಇಳಿದ ದೊಡ್ಡ ಕಡತವೇ ಮೂಲ. ಅದನ್ನು ಕತ್ತರಿಸಬೇಡಿ, ಅದರ ಬಣ್ಣ ತಿದ್ದಬೇಡಿ. ಬೇಕಾದರೆ ಎಫ್‌ಎಫ್‌ವಿ1 ಎಂಬ, ಏನನ್ನೂ ಕಳೆಯದ ಮತ್ತೊಂದು ಪದ್ಧತಿಗೆ ಬದಲಿಸಿ ಇನ್ನಷ್ಟು ಜಾಗ ಉಳಿಸಬಹುದು. ದೊಡ್ಡ ಪತ್ರಾಗಾರಗಳೂ ಇದನ್ನು ಬಳಸುತ್ತವೆ, ಇದರ ಪೂರ್ಣ ವಿವರಣೆ 2021ರಲ್ಲಿ ಆರ್‌ಎಫ್‌ಸಿ 9043 ಎಂಬ ತಾಂತ್ರಿಕ ದಾಖಲೆಯಾಗಿ ಬಹಿರಂಗವಾಗಿ ಪ್ರಕಟವಾಗಿರುವುದರಿಂದ ಮುಂದೆ ತೆರೆಯಲಾಗದೆ ಹೋಗುವ ಭಯ ಕಡಿಮೆ.

ನೋಡಲು, ಹಂಚಲು ಬೇಕಾದ ಎಂಪಿ4 ಪ್ರತಿಯನ್ನು ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಮಾಡಿ. ಟೇಪಿನ ಪ್ರತಿ ಚಿತ್ರವೂ ಬೆಸ ಗೆರೆಗಳದ್ದೊಂದು, ಸಮ ಗೆರೆಗಳದ್ದೊಂದು ಎಂದು ಎರಡು ಅರ್ಧಗಳಾಗಿ, ಸೆಕೆಂಡಿಗೆ 50ರಂತೆ ದಾಖಲಾಗಿರುತ್ತದೆ. ಡಿಇಂಟರ್‌ಲೇಸ್ ವಿಭಾಗದಲ್ಲಿ ಬಾಬ್ ಎಂಬುದನ್ನು ಆರಿಸಿ, ಸೆಕೆಂಡಿಗೆ 50 ಚಿತ್ರ ಎಂದು ಕೊಟ್ಟರೆ ಆ ಐವತ್ತೂ ಉಳಿದು, ಚಲನೆ ಹಳೆಯ ಟಿವಿಯಲ್ಲಿದ್ದಷ್ಟೇ ನಯವಾಗಿರುತ್ತದೆ. ಚಿತ್ರದ ಆಕಾರ 4:3 ಇರಲಿ. ಪರದೆಯ ಎರಡು ಬದಿ ಕಪ್ಪಾಗಿ ಉಳಿದರೆ ಉಳಿಯಲಿ. ಗುಣಮಟ್ಟದ ಅಂಕಿ 18ರ ಸುತ್ತ ಇದ್ದರೆ ಗಂಟೆಗೆ ಎರಡು ಮೂರು ಜಿಬಿಯಷ್ಟಾಗಬಹುದು.

ಊರಿನ ಸ್ಟುಡಿಯೊದವರಿಗೆ ಈ ಕೆಲಸ ಒಪ್ಪಿಸುವವರು ಕೇಳಬೇಕಾದದ್ದೂ ಇವನ್ನೇ: ಡಿವಿಡಿ ಬೇಡ, ಮೂಲ ಗಾತ್ರದ ಕಡತ ಬೇಕು, ಹಿಗ್ಗಿಸಬಾರದು, ಹೈಫೈ ಧ್ವನಿ ಪರೀಕ್ಷಿಸಬೇಕು, ಕ್ಯಾಸೆಟ್ಟು ಮರಳಿ ಬೇಕು. ಹಿಂದೆ ಯಾವಾಗಲೋ ವಿಸಿಡಿ ಮಾಡಿಸಿ ಇಟ್ಟಿದ್ದರೆ ಅದು 352×288 ಗಾತ್ರದ್ದು, ಟೇಪು ಉಳಿದಿರುವವರೆಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಕಡತಕ್ಕೆ ಹೆಸರಿಡುವಾಗ ಇಸವಿ, ಸಂದರ್ಭ, ಊರು, ಕ್ಯಾಸೆಟ್ಟಿನ ಸಂಖ್ಯೆ ಇರಲಿ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿ ಒಂದೊಂದು ಪ್ರತಿ, ಅವುಗಳಲ್ಲಿ ಒಂದು ಇನ್ನೊಬ್ಬ ಒಡಹುಟ್ಟಿದವರ ಮನೆಯಲ್ಲಿ, ಎಂಪಿ4 ಪ್ರತಿ ಕ್ಲೌಡಿನಲ್ಲಿ. ಡಿಸ್ಕುಗಳನ್ನು ವರ್ಷಕ್ಕೊಮ್ಮೆ ಚುಚ್ಚಿ ತೆರೆದು ನೋಡಿ. ಇಳಿಸಿಯಾಯಿತೆಂದು ಕ್ಯಾಸೆಟ್ಟುಗಳನ್ನು ಎಸೆಯಬೇಡಿ. ಪೂರ್ತಿ ಒಂದು ಬದಿಗೆ ಸುತ್ತಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟು, ಸ್ಪೀಕರಿನಿಂದ ದೂರವಿಡಿ.

ಇನ್ನೊಂದು ಕೆಲಸ ಉಳಿದಿದೆ, ಅದಕ್ಕೆ ಯಂತ್ರ ಬೇಡ. ಎಂಪಿ4 ಪ್ರತಿಯನ್ನು ಟಿವಿಗೆ ಹಾಕಿ, ಮನೆಯ ಅತ್ಯಂತ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಪರಿಚಿತ ಮುಖ ಬಂದಾಗಲೆಲ್ಲ ನಿಲ್ಲಿಸಿ ‘ಇವರು ಯಾರು?’ ಎಂದು ಕೇಳಿ, ಗಂಟೆ ನಿಮಿಷದ ಸಮೇತ ಬರೆದುಕೊಳ್ಳಿ. ದೊಡ್ಡಮ್ಮ ನಮ್ಮ ಜೊತೆ ನಾಲ್ಕು ಸಂಜೆ ಕೂತು ಇನ್ನೂರ ಹನ್ನೊಂದು ಹೆಸರು ಹೇಳಿದರು. ಆ ಪಟ್ಟಿ ಒಂದು ಸಾಮಾನ್ಯ ಪಠ್ಯ ಕಡತವಾಗಿ, ವಿಡಿಯೊ ಇರುವ ಅದೇ ಫೋಲ್ಡರಿನಲ್ಲಿ, ಅದೇ ಹೆಸರಿನಲ್ಲಿದೆ. ಅಜ್ಜಿಗೆ ಕೆಮ್ಮು ಬಂದಾಗ ಪದದ ಸಾಲನ್ನು ಮುಂದುವರಿಸಿದವರ ಹೆಸರೂ ಅದರಲ್ಲಿದೆ.